ಪರೀಕ್ಷೆಯನ್ನೇ ಪರೀಕ್ಷಿಸುವ ಸೀರಮ್



ಸರಕಾರಿ ಆಸ್ಪತ್ರೆಯ ಲ್ಯಾಬಿನಲ್ಲಿ ಜೀವಮಾನವಿಡೀ ದುಡಿದ ಟೆಕ್ನಿಷಿಯನ್ ಒಬ್ಬರ ನೆನಪಿಗೆ ಈ ಉಪನ್ಯಾಸ ನಡೆಯುತ್ತದೆ. ಹಾಗಾಗಿ ವೈರಸ್ಸಿನ ಚರಿತ್ರೆಯನ್ನಾಗಲಿ ಹೊಸ ಔಷಧಗಳನ್ನಾಗಲಿ ನಾನು ಇವತ್ತು ಎತ್ತಿಕೊಳ್ಳುವುದಿಲ್ಲ. ಲ್ಯಾಬಿನ ಫ್ರೀಜರ್‌ನಲ್ಲಿ ಸಣ್ಣ ಪ್ಲಾಸ್ಟಿಕ್ ವೈಲ್‌ಗಳಲ್ಲಿ ಇರುವ, ಒಂದೊಂದರಲ್ಲೂ ಕಾಲು ಚಮಚದಷ್ಟೇ ಇರುವ ಸೀರಮ್ ಬಗ್ಗೆ ಮಾತಾಡುತ್ತೇನೆ. ಎಚ್‌ಐವಿ ಪ್ರತಿಕಾಯ ಪರೀಕ್ಷೆ ನಿಜ ಹೇಳುತ್ತಿದೆಯೇ ಎಂದು ತಿಳಿಯಲು ಬಳಸುವ ಪ್ರಮಾಣಿತ ಸೀರಮ್ ಅದು. ಈ ದೇಶದಲ್ಲಿ ನಾವು ಪರೀಕ್ಷೆಯನ್ನು ಹಳ್ಳಿಹಳ್ಳಿಗೆ ಮುಟ್ಟಿಸಿದ್ದೇವೆ. ಆ ಪರೀಕ್ಷೆಯನ್ನು ಕಾಯುವ ಸೀರಮ್ಮಿಗೆ ಅಷ್ಟೇ ಗಮನ ಕೊಡಬೇಕು, ಅದನ್ನು ನಮ್ಮದೇ ಜನರ ರಕ್ತದಿಂದ ತಯಾರಿಸಬೇಕು, ಪ್ರತಿ ಲ್ಯಾಬಿನ ಮೇಜಿಗೂ ತಲುಪಿಸಬೇಕು ಎಂಬುದು ನನ್ನ ವಾದ.

ಮೊದಲು ಒಂದು ಲೆಕ್ಕ. ನಮ್ಮ ದೇಶದ ವಯಸ್ಕರಲ್ಲಿ ಎಚ್‌ಐವಿ ಇರುವವರು ಸಾವಿರಕ್ಕೆ ಸುಮಾರು ಇಬ್ಬರು. ರಾಷ್ಟ್ರೀಯ ಏಡ್ಸ್ ನಿಯಂತ್ರಣ ಸಂಸ್ಥೆ, ನಾವೆಲ್ಲ ನ್ಯಾಕೋ ಎನ್ನುವ ಸಂಸ್ಥೆ, ರಾಪಿಡ್ ಕಿಟ್‌ಗಳಿಗೆ ಒಂದು ಕನಿಷ್ಠ ಮಟ್ಟ ಇಟ್ಟಿದೆ. ಸೋಂಕಿರುವ 1000 ಜನರಲ್ಲಿ 995 ಮಂದಿಯನ್ನಾದರೂ ಕಿಟ್ ಹಿಡಿಯಬೇಕು. ಸೋಂಕಿಲ್ಲದ 100 ಜನರಲ್ಲಿ 98 ಮಂದಿಗಾದರೂ ‘ಇಲ್ಲ’ ಎಂದೇ ಹೇಳಬೇಕು. ಕೇಳಲು ಚೆನ್ನಾಗಿದೆ. ಈಗ 10,000 ಜನರನ್ನು ಪರೀಕ್ಷಿಸಿ ನೋಡಿ. ನಿಜವಾಗಿ ಸೋಂಕಿರುವವರು 20 ಮಂದಿ. ಉಳಿದ 9,980 ಜನರಲ್ಲಿ ನೂರಕ್ಕೆ ಇಬ್ಬರಂತೆ ಸುಮಾರು 200 ಜನರ ಕಿಟ್‌ನಲ್ಲಿ ಸುಮ್ಮನೆ ಗೆರೆ ಮೂಡುತ್ತದೆ. ಹೀಗೆ ಗೆರೆ ಮೂಡಿ ‘ರಿಯಾಕ್ಟಿವ್’ ಎನಿಸಿಕೊಂಡ 220 ಜನರಲ್ಲಿ 200 ಮಂದಿಗೆ ರೋಗವೇ ಇಲ್ಲ! ಒಳ್ಳೆಯ ಕಿಟ್‌ಗಳು ಈ ಕನಿಷ್ಠ ಮಟ್ಟಕ್ಕಿಂತ ಎಷ್ಟೋ ಮೇಲಿವೆ, ನಿಜ. ಆದರೂ ಒಂದೇ ಕಿಟ್ ನಂಬಿ ಯಾರಿಗೂ ಎಚ್‌ಐವಿ ಇದೆ ಎಂದು ಹೇಳಬಾರದು ಎಂಬ ನಿಯಮದ ಹಿಂದೆ ಇರುವುದು ಈ ಲೆಕ್ಕವೇ. ಬೇರೆ ಬೇರೆ ಪ್ರತಿಜನಕ ಅಥವಾ ಬೇರೆ ಬೇರೆ ತತ್ವದ ಮೂರು ಕಿಟ್‌ಗಳೂ ‘ಹೌದು’ ಎಂದ ಮೇಲೆಯೇ ಕೌನ್ಸೆಲರ್ ಆ ಮಾತನ್ನು ಆಡಬೇಕು.

ಇಲ್ಲೊಂದು ಅಪಾಯ ಇದೆ. ಮೂರು ಕಿಟ್‌ಗಳ ಹೆಸರು ಬೇರೆ, ಕಂಪನಿ ಬೇರೆ ಇರಬಹುದು. ಒಳಗೆ ಬಳಿದಿರುವ ಪ್ರೋಟೀನು ಒಂದೇ ಮೂಲದ್ದಾಗಿದ್ದರೆ, ಮೊದಲ ಕಿಟ್ಟನ್ನು ಮೋಸಗೊಳಿಸಿದ ಸೀರಮ್ ಎರಡನೆಯದನ್ನೂ ಮೋಸಗೊಳಿಸುತ್ತದೆ. ಇದು ಪೆಟ್ಟಿಗೆಯ ಮೇಲಿನ ಲೇಬಲ್ ಓದಿ ಗೊತ್ತಾಗುವ ಸಂಗತಿಯಲ್ಲ. ಮೂರೂ ಕಿಟ್‌ಗಳಿಗೆ ಒಂದೇ ಪ್ಯಾನೆಲ್, ಅಂದರೆ ಉತ್ತರ ಮೊದಲೇ ಗೊತ್ತಿರುವ ಸೀರಮ್‌ಗಳ ಗುಂಪು, ಹಾಕಿ, ಯಾವ ಯಾವ ಸೀರಮ್ಮಿಗೆ ಯಾವುದು ತಪ್ಪಿತು ಎಂದು ನೋಡಿದಾಗ ಮಾತ್ರ ಗೊತ್ತಾಗುತ್ತದೆ.

ಪರೀಕ್ಷೆಗಳು ಎಡವಿದ ಕತೆಗಳನ್ನು ನೆನಪಿಟ್ಟುಕೊಳ್ಳಬೇಕು. ಪ್ಯಾನೆಲ್‌ನಲ್ಲಿ ಏನಿರಬೇಕು ಎಂದು ನಮಗೆ ಕಲಿಸಿದ್ದು ಅವೇ. ಪ್ರತಿಕಾಯ ಇದ್ದರೆ ಗುಳಿಯಲ್ಲಿ ಬಣ್ಣ ತೋರಿಸುವ ಎಲೈಸಾ ಕಿಟ್‌ಗಳಲ್ಲಿ ಮೊದಲನೆಯದಕ್ಕೆ ಅಮೆರಿಕದಲ್ಲಿ ಪರವಾನಗಿ ಸಿಕ್ಕಿದ್ದು 1985ರ ಮಾರ್ಚ್‌ನಲ್ಲಿ. ಆಗ ಮನುಷ್ಯರ ಬಿಳಿರಕ್ತಕಣಗಳಲ್ಲಿ ವೈರಸ್ ಬೆಳೆಸಿ, ಅದನ್ನು ಒಡೆದು ಕಿಟ್‌ನ ಗುಳಿಗಳಿಗೆ ಬಳಿಯುತ್ತಿದ್ದರು. ವೈರಸ್ಸಿನ ಜೊತೆಗೆ ಆ ಜೀವಕೋಶದ ಚೂರುಪಾರೂ ಅಂಟಿಕೊಂಡು ಬರುತ್ತಿತ್ತು. ಹಲವು ಬಾರಿ ಹೆತ್ತ ತಾಯಂದಿರಲ್ಲಿ, ಪದೇ ಪದೇ ರಕ್ತ ಹಾಕಿಸಿಕೊಂಡವರಲ್ಲಿ ಪರರ ಜೀವಕೋಶಗಳ ವಿರುದ್ಧ ಪ್ರತಿಕಾಯಗಳು ಸಹಜವಾಗಿಯೇ ಹುಟ್ಟಿರುತ್ತವೆ. ಅವು ಹೋಗಿ ಆ ಚೂರುಗಳಿಗೆ ಅಂಟಿಕೊಂಡವು, ಗುಳಿಗೆ ಬಣ್ಣ ಬಂತು. ಆ ತಾಯಂದಿರ ಮೈಯಲ್ಲಿ ವೈರಸ್ಸೇ ಇರಲಿಲ್ಲ. ಮುಂದೆ ಜೀನ್ ತಂತ್ರಜ್ಞಾನದಿಂದ ತಯಾರಾದ ಶುದ್ಧ ಪ್ರೋಟೀನುಗಳ ಕಿಟ್‌ಗಳು ಬಂದು ಈ ತೊಂದರೆ ಬಹುಪಾಲು ಕಡಿಮೆಯಾಯಿತು. ಆದರೆ ಗರ್ಭಿಣಿಯರ ಸೀರಮ್, ಸಂಧಿವಾತದಂಥ ಕಾಯಿಲೆ ಇರುವವರ ಸೀರಮ್, ಮಲೇರಿಯಾದಿಂದ ಎದ್ದವರ ಸೀರಮ್, ಇಂಥ ‘ತಂಟೆ’ಯ ನೆಗೆಟಿವ್‌ಗಳು ಪ್ಯಾನೆಲ್‌ನಲ್ಲಿ ಇರಲೇಬೇಕು ಎಂಬುದು ಅಂದಿನಿಂದ ನಿಂತ ಪಾಠ. ನಮ್ಮಲ್ಲಿ ಎಚ್‌ಐವಿ ಪರೀಕ್ಷೆಗೆ ಬರುವವರಲ್ಲಿ ಗರ್ಭಿಣಿಯರೇ ದೊಡ್ಡ ಗುಂಪು ಎಂಬುದನ್ನು ಇದರ ಜೊತೆಗೆ ಇಟ್ಟು ನೋಡಿ.

ಎರಡನೆಯ ಕತೆ ಇದಕ್ಕೆ ತದ್ವಿರುದ್ಧ. 1994ರಲ್ಲಿ ಕ್ಯಾಮರೂನ್ ಮೂಲದ ಕೆಲವು ರೋಗಿಗಳ ಸೀರಮ್ ಯುರೋಪಿನ ಲ್ಯಾಬ್‌ಗಳಲ್ಲಿ ಪರೀಕ್ಷೆಗೆ ಬಂತು. ಅವರಲ್ಲಿದ್ದದ್ದು ಗ್ರೂಪ್ ‘ಓ’ ಎಂಬ ದೂರದ ಬಳಗದ ವೈರಸ್. ಮಾರುಕಟ್ಟೆಯಲ್ಲಿದ್ದ ಹಲವು ಕಿಟ್‌ಗಳು ಅಂಥ ಕೆಲವು ಸೀರಮ್‌ಗಳನ್ನು ನೆಗೆಟಿವ್ ಎಂದವು. ಅಮೆರಿಕ ಮತ್ತು ಯುರೋಪಿನಲ್ಲಿ ಹೆಚ್ಚಾಗಿದ್ದ ಉಪಪ್ರಕಾರ ‘ಬಿ’ಯ ಪ್ರೋಟೀನಿನಿಂದ ತಯಾರಾದ ಕಿಟ್‌ಗಳವು. ಅದುವರೆಗೆ ಅವನ್ನು ಒರೆಗೆ ಹಚ್ಚಿದ್ದ ಸೀರಮ್‌ಗಳೂ ಬಹುತೇಕ ಅದೇ ಬಗೆಯವು. ಕೈಯಲ್ಲಿರುವ ಪ್ಯಾನೆಲ್‌ನಲ್ಲಿ ಇಲ್ಲದ ವೈರಸ್ಸಿನ ವಿಷಯದಲ್ಲಿ ಕಿಟ್ ಎಡವುವುದನ್ನು ಆ ಪ್ಯಾನೆಲ್ ಹೇಗೆ ತೋರಿಸೀತು? ಕಿಟ್‌ಗಳನ್ನು ತಿದ್ದಿದರು. 2006ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಹೆಸರಿನಲ್ಲಿ, ಇಂಗ್ಲೆಂಡಿನ ಪಾಟರ್ಸ್ ಬಾರ್‌ನಲ್ಲಿರುವ ಜೈವಿಕ ಪ್ರಮಾಣಗಳ ಸಂಸ್ಥೆ ಎನ್‌ಐಬಿಎಸ್‌ಸಿ ಎಚ್‌ಐವಿ ಪ್ರತಿಕಾಯದ ಅಂತರರಾಷ್ಟ್ರೀಯ ಪ್ಯಾನೆಲ್ ಹೊರತಂದಾಗ, ಅದರಲ್ಲಿ ಎ, ಬಿ, ಸಿ ಮೊದಲಾದ ಉಪಪ್ರಕಾರಗಳ ಜೊತೆ ಗ್ರೂಪ್ ‘ಓ’ಗೂ ಎಚ್‌ಐವಿ-2 ಎಂಬ ಎರಡನೆಯ ಬಗೆಯ ವೈರಸ್ಸಿಗೂ ಜಾಗ ಸಿಕ್ಕಿತು.

ಭಾರತದಲ್ಲಿ ಹರಡಿರುವುದು ಬಹುಪಾಲು ಉಪಪ್ರಕಾರ ‘ಸಿ’. ಅದನ್ನು ಪರೀಕ್ಷಿಸುವ ವ್ಯವಸ್ಥೆ ನಮ್ಮಲ್ಲಿ ಬೆಳೆದ ಬಗೆಯನ್ನೂ ನೋಡಿ. 1986ರಲ್ಲಿ ಮದರಾಸಿನ ಡಾ. ಸುನೀತಿ ಸಾಲೊಮನ್ ಮತ್ತು ಅವರ ವಿದ್ಯಾರ್ಥಿನಿ ನಿರ್ಮಲಾ ದೇಶದ ಮೊದಲ ಪ್ರಕರಣಗಳನ್ನು ಗುರುತಿಸಿದಾಗ, ಸೀರಮ್ ಪರೀಕ್ಷೆಗೆ ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿಗೆ ಹೋಗಬೇಕಾಯಿತು, ಖಚಿತಪಡಿಸಿಕೊಳ್ಳಲು ಅಮೆರಿಕದ ಲ್ಯಾಬಿನ ನೆರವು ಬೇಕಾಯಿತು. ಇವತ್ತು ಆ ಪರಿಸ್ಥಿತಿ ಇಲ್ಲ. ಪುಣೆಯ ಏಡ್ಸ್ ಸಂಶೋಧನಾ ಸಂಸ್ಥೆ ‘ನಾರಿ’ 1992ರಲ್ಲಿ ಶುರುವಾಯಿತು. ಅದರ ಕೆಳಗೆ ರಾಷ್ಟ್ರೀಯ ರೆಫರೆನ್ಸ್ ಲ್ಯಾಬ್‌ಗಳು, ಅವುಗಳಲ್ಲಿ ನಮ್ಮ ಬೆಂಗಳೂರಿನ ನಿಮ್ಹಾನ್ಸ್ ಒಂದು. ಅವುಗಳ ಕೆಳಗೆ ರಾಜ್ಯಮಟ್ಟದ ಲ್ಯಾಬ್‌ಗಳು. ಕೊನೆಗೆ ನೀವು ತಾಲ್ಲೂಕು ಆಸ್ಪತ್ರೆಯಲ್ಲಿ ಕಾಣುವ ಐಸಿಟಿಸಿ, ಅಂದರೆ ಆಪ್ತಸಮಾಲೋಚನೆ ಮತ್ತು ಪರೀಕ್ಷಾ ಕೇಂದ್ರ. ಕಿಟ್‌ಗಳ ಪ್ರತಿ ಲಾಟ್, ಅಂದರೆ ಒಟ್ಟಿಗೆ ತಯಾರಾದ ಪ್ರತಿ ಕಂತನ್ನು, ಒರೆಗೆ ಹಚ್ಚಲು ನೋಯ್ಡಾದ ರಾಷ್ಟ್ರೀಯ ಜೈವಿಕ ಸಂಸ್ಥೆಯಂಥ ಕೇಂದ್ರಗಳಿವೆ. ಈ ಏಣಿಯನ್ನು ಕಟ್ಟಿದವರಿಗೆ ನಾವು ಋಣಿಗಳು.

ಇನ್ನು ಸೀರಮ್ ತಯಾರಿಯ ಮಾತಿಗೆ ಬರೋಣ. ಇಲ್ಲಿ ಸ್ವಲ್ಪ ಹೊತ್ತು ನಿಲ್ಲುತ್ತೇನೆ.

ಸಂತೆಯಲ್ಲಿ ತೂಕದ ಬಟ್ಟಿಗೆ ತೂಕ-ಅಳತೆ ಇಲಾಖೆಯವರು ಮುದ್ರೆ ಒತ್ತುತ್ತಾರೆ. ಆ ಬಟ್ಟಿನ ಹಿಂದೆ ಇನ್ನೊಂದು ಬಟ್ಟು, ಅದರ ಹಿಂದೆ ಮತ್ತೊಂದು ಹೀಗೆ ಹೋಗುತ್ತ ಹೋದರೆ ಕೊನೆಗೆ ಒಂದೇ ಕಿಲೋಗ್ರಾಂಗೆ ಬಂದು ನಿಲ್ಲುತ್ತೇವೆ. ಎಲ್ಲ ತಕ್ಕಡಿಗೂ ಅದು ಒಂದೇ. ಎಚ್‌ಐವಿ ಪ್ರತಿಕಾಯಕ್ಕೆ ಅಂಥ ಒಂದು ಮಾನ ಇಲ್ಲ. ವೈರಸ್ಸಿನ ಪ್ರಮಾಣಕ್ಕೆ ಅಂತರರಾಷ್ಟ್ರೀಯ ಮಾನ ಇದೆ. ವೈರಸ್ಸಿನ ಒಳಗಿನ ಪ್ರೋಟೀನಾದ ಪಿ24 ಪ್ರತಿಜನಕಕ್ಕೂ ಇದೆ. ಪ್ರತಿಕಾಯಕ್ಕೆ ಮಾತ್ರ ಕೊಟ್ಟಿರುವುದು ಪ್ಯಾನೆಲ್. ಕಾರಣ ಸರಳ. ಒಬ್ಬರ ರಕ್ತದಲ್ಲಿ ಎಚ್‌ಐವಿ ಪ್ರತಿಕಾಯ ಒಂದಲ್ಲ, ನೂರಾರು ಬಗೆ. ಕೆಲವು ಹೊರಪದರದ ಪ್ರೋಟೀನಿಗೆ ಅಂಟುತ್ತವೆ, ಕೆಲವು ಒಳಗಿನ ಪಿ24ಕ್ಕೆ. ಒಂದು ಕಿಟ್‌ನಲ್ಲಿ ಹೊರಪದರದ ಜಿಪಿ41 ಹೆಚ್ಚು, ಇನ್ನೊಂದರಲ್ಲಿ ಪಿ24 ಕೂಡ ಇರುತ್ತದೆ. ಒಂದೇ ಸೀರಮ್ಮಿಗೆ ಒಂದು ಕಿಟ್ ಐದು ಎಂದರೆ ಇನ್ನೊಂದು ಎರಡು ಎನ್ನುತ್ತದೆ, ಎರಡೂ ತಪ್ಪಲ್ಲ. ಹಾಗಾಗಿ ಪ್ರಮಾಣಿತ ಸೀರಮ್ ತಯಾರಿಸುವವರು, ಇದು ಇಂಥ ಕಿಟ್‌ನಲ್ಲಿ, ಇಂಥ ಲಾಟ್‌ನಲ್ಲಿ ಇಷ್ಟು ತೋರಿಸುತ್ತದೆ ಎಂದು ಪ್ರತಿ ಕಿಟ್‌ಗೂ ಬೇರೆ ಬೇರೆಯಾಗಿ ಕಟ್ಟಿಕೊಡಬೇಕು.

ತಯಾರಿ ಶುರುವಾಗುವುದು ಒಬ್ಬರು ಒಪ್ಪಿ ಕೊಟ್ಟ ಪ್ಲಾಸ್ಮಾದಿಂದ. ಪ್ಲಾಸ್ಮಾವನ್ನು ಹಾಗೆಯೇ ವೈಲ್‌ಗೆ ತುಂಬಿ ಫ್ರೀಜರ್‌ಗೆ ಇಟ್ಟರೆ, ಕರಗಿಸಿದಾಗ ಫೈಬ್ರಿನ್ನಿನ ಎಳೆಗಳು ಕಾಣಿಸಿಕೊಳ್ಳುತ್ತವೆ. ಕಣ್ಣಿಗೆ ಹತ್ತಿಯ ನೂಲಿನ ತುಣುಕಿನಂತೆ. ಅವು ಪೈಪೆಟ್‌ನ ತುದಿಗೆ ಸಿಕ್ಕಿಕೊಂಡು ಅಳತೆ ತಪ್ಪಿಸುತ್ತವೆ; ಗುಳಿಯೊಳಗೆ ಬಿದ್ದರೆ ತೊಳೆದರೂ ಹೋಗದೆ ಇಲ್ಲದ ಬಣ್ಣ ತರಿಸುತ್ತವೆ. ಅದಕ್ಕಾಗಿ ಮೊದಲೇ ಕ್ಯಾಲ್ಸಿಯಂ ಸೇರಿಸಿ, ಬೇಕಾದರೆ ಥ್ರಾಂಬಿನ್ನೂ ಹಾಕಿ ಹೆಪ್ಪುಗಟ್ಟಿಸಿ, ಗಡ್ಡೆ ತೆಗೆದು, ಸೆಂಟ್ರಿಫ್ಯೂಜ್ ಮಾಡಿ, ಸೂಕ್ಷ್ಮ ಫಿಲ್ಟರ್‌ಗಳಲ್ಲಿ ಸೋಸಬೇಕು. ಹೆಪಟೈಟಿಸ್ ಬಿ, ಸಿ ಇಲ್ಲ ಎಂದು ನೋಡಬೇಕು, ಏಕೆಂದರೆ ಈ ವೈಲ್ ನಾಳೆ ಎಷ್ಟೋ ಟೆಕ್ನಿಷಿಯನ್‌ಗಳ ಕೈಗೆ ಹೋಗುತ್ತದೆ. ವೈರಸ್ಸಿನ ಹಲ್ಲು ಕೀಳಲು 56 ಡಿಗ್ರಿಯಲ್ಲಿ ಅರ್ಧ ಗಂಟೆ ಕಾಯಿಸುವುದು ರೂಢಿ. ಆದರೆ ಕಾಯಿಸಿದ ಸೀರಮ್ ಕೆಲವು ಕಿಟ್‌ಗಳಲ್ಲಿ ನೆಗೆಟಿವ್ ಆಗಿದ್ದೂ ಬಣ್ಣ ಕೊಡುತ್ತದೆ. ಆದ್ದರಿಂದ ಕಾಯಿಸುವ ಮೊದಲು, ಕಾಯಿಸಿದ ಮೇಲೆ ಎರಡನ್ನೂ ಜೊತೆಗಿಟ್ಟು ನೋಡದೆ ಮುಂದೆ ಹೋಗುವಂತಿಲ್ಲ.

ಕೊಳೆಯದಿರಲು ಹಾಕುವ ರಾಸಾಯನಿಕದಲ್ಲೂ ಎಚ್ಚರ ಬೇಕು. ಲ್ಯಾಬ್‌ಗಳಲ್ಲಿ ಸುಲಭವಾಗಿ ಸಿಗುವುದು ಸೋಡಿಯಂ ಅಜೈಡ್. ಬಹುತೇಕ ಎಲೈಸಾ ಕಿಟ್‌ಗಳಲ್ಲಿ ಕೊನೆಯ ಬಣ್ಣ ತರುವುದು ಪೆರಾಕ್ಸಿಡೇಸ್ ಎಂಬ ಕಿಣ್ವ. ಅಜೈಡ್ ಆ ಕಿಣ್ವವನ್ನೇ ಕಟ್ಟಿಹಾಕುತ್ತದೆ! ಪ್ರಮಾಣವನ್ನು ಕಾಪಾಡಲು ಹಾಕಿದ್ದೇ ಪ್ರಮಾಣವನ್ನು ಕೆಡಿಸಿದಂತಾಗುತ್ತದೆ. ಹಾಗಾಗಿ ಬೇರೆ ಸಂರಕ್ಷಕ ಆರಿಸಬೇಕು, ಅದನ್ನೂ ಪ್ರತಿ ಕಿಟ್‌ನಲ್ಲಿ ನೋಡಬೇಕು.

ಇಷ್ಟಾದ ಮೇಲೆ ನನ್ನ ದೃಷ್ಟಿಯಲ್ಲಿ ಅತ್ಯಂತ ಮುಖ್ಯವಾದ ಕೆಲಸ: ಸೀರಮ್ಮನ್ನು ದುರ್ಬಲಗೊಳಿಸುವುದು. ಹಳೆಯ ಸೋಂಕಿನವರ ಸೀರಮ್ ಬಲವಾಗಿರುತ್ತದೆ. ಅರ್ಧ ಕೆಟ್ಟ ಕಿಟ್ಟೂ ಅದನ್ನು ಹಿಡಿಯುತ್ತದೆ. ಅದರಿಂದ ಕಿಟ್‌ನ ಆರೋಗ್ಯ ತಿಳಿಯುವುದಿಲ್ಲ. ಆದ್ದರಿಂದ ಅದನ್ನು ನೆಗೆಟಿವ್ ಸೀರಮ್ಮಿನಲ್ಲಿ ಐವತ್ತು ಪಾಲು, ನೂರು ಪಾಲು, ಇನ್ನೂರು ಪಾಲು ಹೀಗೆ ತೆಳುಮಾಡುತ್ತ ಹೋಗಿ, ‘ಪಾಸಿಟಿವ್’ ಎನ್ನಲು ಬೇಕಾದ ನಿರ್ಣಯದ ಗೆರೆಯ ಎರಡು ಪಟ್ಟಿನ ಆಸುಪಾಸು ಬಣ್ಣ ಬರುವಲ್ಲಿ ನಿಲ್ಲಿಸುತ್ತಾರೆ. ಕಿಟ್ ಸ್ವಲ್ಪ ಸೊರಗಿದರೂ ಮೊದಲು ಅಲುಗಾಡುವುದು ಇದೇ. ಕಂಪನಿಯವರು ಕಿಟ್ ಪೆಟ್ಟಿಗೆಯೊಳಗೇ ಕೊಡುವ ಪಾಸಿಟಿವ್ ಕಂಟ್ರೋಲ್ ಸಾಮಾನ್ಯವಾಗಿ ಬಲವಾಗಿರುತ್ತದೆ, ಆ ಲಾಟ್‌ಗೇ ಹೊಂದಿಸಿದ್ದೂ ಆಗಿರುತ್ತದೆ. ಅದು ಪಾಸಾಯಿತೆಂದು ನಿಶ್ಚಿಂತೆಯಿಂದ ಕೂರುವ ಅಭ್ಯಾಸ ನಮ್ಮ ಲ್ಯಾಬ್‌ಗಳಲ್ಲಿ ಬೇರೂರಿದೆ. ಆ ಅಭ್ಯಾಸ ಬಿಡಬೇಕು.

ತೆಳುಮಾಡಿದ ಸೀರಮ್ಮಿಗೂ ಒಂದು ಮಿತಿ ಇದೆ. ಅದು ಹೊಸ ಸೋಂಕಿನವರ ಸೀರಮ್ಮಿನ ಪ್ರತಿನಿಧಿಯಲ್ಲ. ಸೋಂಕು ತಗುಲಿದ ಮೊದಲ ವಾರಗಳಲ್ಲಿ ಬರುವುದು ಐಜಿಎಂ ಎಂಬ ಮೊದಲ ಹಂತದ ಪ್ರತಿಕಾಯ, ಮತ್ತು ಇನ್ನೂ ಪಳಗದ, ಸಡಿಲವಾಗಿ ಅಂಟುವ ಪ್ರತಿಕಾಯ. ಹಳೆಯ ಸೋಂಕಿನ ಪ್ರತಿಕಾಯ ತೆಳುವಾದರೂ ಬಿಗಿಯಾಗಿಯೇ ಹಿಡಿದುಕೊಳ್ಳುತ್ತದೆ. ಕಿಟ್ಟು ಎಷ್ಟು ಬೇಗ ಸೋಂಕನ್ನು ಗುರುತಿಸುತ್ತದೆ ಎಂದು ತಿಳಿಯಬೇಕಾದರೆ ಒಬ್ಬರೇ ವ್ಯಕ್ತಿಯಿಂದ, ಸೋಂಕಿನ ಮೊದಲು ಮತ್ತು ನಂತರ, ಕೆಲವೇ ದಿನಗಳ ಅಂತರದಲ್ಲಿ ತೆಗೆದ ಮಾದರಿಗಳ ಸಾಲು ಬೇಕು. ಅದಕ್ಕೆ ಸೀರೋಕನ್ವರ್ಷನ್ ಪ್ಯಾನೆಲ್ ಎನ್ನುತ್ತಾರೆ. ಅಮೆರಿಕದಲ್ಲಿ ವಾರಕ್ಕೆ ಎರಡು ಬಾರಿಯವರೆಗೂ ಪ್ಲಾಸ್ಮಾ ಕೊಡುವವರಿದ್ದಾರೆ. ಅಂಥವರಲ್ಲಿ ಯಾರಿಗಾದರೂ ಸೋಂಕು ತಗುಲಿದ್ದು ಗೊತ್ತಾದಾಗ ಹಿಂದಿನ ಚೀಲಗಳನ್ನು ಹುಡುಕಿ ತೆಗೆದು ಇಂಥ ಪ್ಯಾನೆಲ್ ಕಟ್ಟುತ್ತಾರೆ. ಹಾಗಾಗಿ ಜಗತ್ತಿನ ಮಾರುಕಟ್ಟೆಯಲ್ಲಿ ಸಿಗುವ ಇಂಥ ಪ್ಯಾನೆಲ್‌ಗಳಲ್ಲಿ ಹೆಚ್ಚಿನವು ಉಪಪ್ರಕಾರ ‘ಬಿ’ಯವು. ನಮ್ಮ ‘ಸಿ’ಯ ಪ್ಯಾನೆಲ್ ನಾವೇ ಕಟ್ಟಬೇಕು. ಅದು ದುಡ್ಡಿನಿಂದ ಮಾತ್ರ ಆಗುವ ಕೆಲಸವಲ್ಲ, ಜನರ ವಿಶ್ವಾಸದಿಂದ ಆಗಬೇಕಾದ್ದು.

ವೈಲ್‌ಗಳು ತುಂಬಿದ ಮೇಲೆ ಅವೆಲ್ಲ ಒಂದೇ ಸಮ ಇವೆಯೇ ಎಂದು ಆಯ್ದು ತೆಗೆದು ನೋಡಬೇಕು. ಫ್ರೀಜರ್‌ನಲ್ಲಿಟ್ಟದ್ದು ಒಂದು ಕಡೆ. 4, 25, 37, 45 ಡಿಗ್ರಿಗಳಲ್ಲಿ ವಾರಗಟ್ಟಲೆ ಇಟ್ಟದ್ದು ಇನ್ನೊಂದು ಕಡೆ; ಎರಡನ್ನೂ ಹೋಲಿಸಬೇಕು. ಕಲಬುರಗಿ, ರಾಯಚೂರಿನ ಏಪ್ರಿಲ್–ಮೇ ಬಿಸಿಲನ್ನು ಬಲ್ಲವರಿಗೆ ಆ 45 ಡಿಗ್ರಿ ಯಾಕೆಂದು ವಿವರಿಸಬೇಕಿಲ್ಲ. ಐಸ್ ಪ್ಯಾಕ್ ಕರಗಿದ ಥರ್ಮೋಕೋಲ್ ಪೆಟ್ಟಿಗೆಯಲ್ಲಿ ಸೀರಮ್ ತಲುಪಿದರೆ, ಲ್ಯಾಬಿನ ತಪ್ಪು ಯಾವುದು, ದಾರಿಯ ತಪ್ಪು ಯಾವುದು ಎಂದು ಹೇಳುವವರು ಯಾರು?

ಈ ತೊಂದರೆಗೆ ಉತ್ತರ ಬಹಳ ಹಳೆಯದು. 1897ರಲ್ಲಿ ವಿಜ್ಞಾನಿ ಪಾಲ್ ಎರ್ಲಿಖ್ ಡಿಫ್ತೀರಿಯಾ ಪ್ರತಿವಿಷಕ್ಕೆ ಪ್ರಮಾಣ ಕಟ್ಟಿದಾಗ, ದಿನದಿನಕ್ಕೆ ಬದಲಾಗುವ ವಿಷವನ್ನು ಬಿಟ್ಟು, ನಿರ್ವಾತದಲ್ಲಿ ಒಣಗಿಸಿದ ಪ್ರತಿವಿಷವನ್ನು ಮಾನವಾಗಿ ಇಟ್ಟುಕೊಂಡರು. ಒಣಗಿದ ಪ್ರತಿಕಾಯ ತಾಳುತ್ತದೆ ಎಂಬುದು ಅಂದೇ ತಿಳಿದಿತ್ತು. ಸುಮಾರು 2010ರಲ್ಲಿ ಅಟ್ಲಾಂಟಾದ ಸಿಡಿಸಿ ಸಂಸ್ಥೆಯ ಭರತ್ ಪಾರೇಖ್ ಮತ್ತು ಸಂಗಡಿಗರು ಅದೇ ವಿಚಾರವನ್ನು ಆಫ್ರಿಕಾದ ಹಳ್ಳಿ ಕೇಂದ್ರಗಳಿಗೆ ಒಗ್ಗಿಸಿದರು. ಸಣ್ಣ ಟ್ಯೂಬಿನಲ್ಲಿ 20 ಮೈಕ್ರೋಲೀಟರ್ ಸೀರಮ್, ಜೊತೆಗೆ ಲವಲೇಶ ಹಸಿರು ಬಣ್ಣ. ಮುಚ್ಚಳ ತೆಗೆದು ರಾತ್ರಿಯಿಡೀ ಒಣಗಲು ಬಿಡುವುದು, ಅಷ್ಟೇ. ಬೆಳಿಗ್ಗೆ ತಳದಲ್ಲಿ ಹಸಿರು ಚುಕ್ಕೆ ಉಳಿದಿರುತ್ತದೆ. ಐಸ್ ಬೇಡ, ದುಬಾರಿ ಯಂತ್ರ ಬೇಡ. ಕೇಂದ್ರದಲ್ಲಿ 200 ಮೈಕ್ರೋಲೀಟರ್ ಬಫರ್ ಹಾಕಿದರೆ ಚುಕ್ಕೆ ಕರಗಿ ದ್ರಾವಣವೆಲ್ಲ ಹಸಿರಾಗುತ್ತದೆ. ಪೂರ್ತಿ ಕರಗಿತೋ ಇಲ್ಲವೋ ಎಂದು ಬಣ್ಣವೇ ಹೇಳುತ್ತದೆ. ಹತ್ತು ಪಟ್ಟು ತೆಳುವಾಗುವುದರಿಂದ ಎಲ್ಲ ಸೀರಮ್ಮಿಗೂ ಇದು ಆಗದು, ಆರಿಸಿಕೊಳ್ಳಬೇಕು. ಆದರೂ ನಮ್ಮ ರಾಜ್ಯಮಟ್ಟದ ಲ್ಯಾಬ್‌ಗಳ ಸ್ನಾತಕೋತ್ತರ ವಿದ್ಯಾರ್ಥಿಗಳು ಮಾಡಿ ಕಲಿಯಬಹುದಾದ, ಕಲಿಯಲೇಬೇಕಾದ ಕೆಲಸ ಇದು ಎಂದು ನನಗೆ ಅನಿಸುತ್ತದೆ.

ರಾಪಿಡ್ ಕಿಟ್ ಬಳಸುವ ಕಡೆ ಪ್ರಮಾಣಿತ ಸೀರಮ್ಮಿನ ಅಗತ್ಯ ಇನ್ನೂ ಹೆಚ್ಚು. ಪಟ್ಟಿಯ ಮೇಲೆ ಕಂಟ್ರೋಲ್ ಗೆರೆ ಮೂಡಿತು, ಆದ್ದರಿಂದ ಪರೀಕ್ಷೆ ಸರಿಯಾಯಿತು ಎಂದು ನಾವು ನಂಬುತ್ತೇವೆ. ಹಲವು ಕಿಟ್‌ಗಳಲ್ಲಿ ಆ ಗೆರೆ ಹೇಳುವುದು ಬಣ್ಣದ ದ್ರವ ಪಟ್ಟಿಯ ಉದ್ದಕ್ಕೂ ಹರಿಯಿತು ಎಂದಷ್ಟೇ. ರೋಗಿಯ ರಕ್ತ ಹಾಕುವುದನ್ನೇ ಮರೆತು ಬರೀ ಬಫರ್ ಹಾಕಿದರೂ ಅಂಥ ಕಿಟ್‌ನಲ್ಲಿ ಕಂಟ್ರೋಲ್ ಗೆರೆ ಬರುತ್ತದೆ, ಪರೀಕ್ಷೆಯ ಗೆರೆ ಬರುವುದಿಲ್ಲ, ರಿಜಿಸ್ಟರ್‌ನಲ್ಲಿ ‘ನೆಗೆಟಿವ್’ ಎಂದು ಬೀಳುತ್ತದೆ. ಬಿಸಿಲಿಗೆ ಸಿಕ್ಕಿ ಪರೀಕ್ಷೆಯ ಗೆರೆಯ ಪ್ರೋಟೀನು ಮಂಕಾಗಿದ್ದರೂ ಕಂಟ್ರೋಲ್ ಗೆರೆ ಏನೂ ಆಗಿಲ್ಲವೆಂಬಂತೆ ಮೂಡುತ್ತದೆ. ಇದನ್ನು ಬಯಲಿಗೆಳೆಯಲು ಇರುವ ದಾರಿ ಒಂದೇ: ಹೊಸ ಪೆಟ್ಟಿಗೆ ಒಡೆದಾಗ, ಹೊಸ ಲಾಟ್ ಬಂದಾಗ, ಕರೆಂಟ್ ಹೋಗಿ ಫ್ರಿಜ್ ಬಿಸಿಯಾದಾಗ, ಗೊತ್ತಿರುವ ದುರ್ಬಲ ಪಾಸಿಟಿವ್ ಒಂದನ್ನು ಹಾಕಿ ನೋಡುವುದು.

ಎಲೈಸಾ ನಡೆಸುವ ಲ್ಯಾಬಿನಲ್ಲಿ ಇದನ್ನು ಪ್ರತಿ ಸಲವೂ ಹಾಕಿ, ಬಂದ ಅಂಕಿಯನ್ನು ನಕ್ಷೆಯಲ್ಲಿ ಗುರುತಿಸಬೇಕು. ಲೆವಿ ಮತ್ತು ಜೆನ್ನಿಂಗ್ಸ್ 1950ರಲ್ಲಿ ಕಾರ್ಖಾನೆಗಳ ಗುಣನಿಯಂತ್ರಣದಿಂದ ಲ್ಯಾಬಿಗೆ ತಂದ ನಕ್ಷೆ ಅದು. ಒಂದು ಲ್ಯಾಬಿನ ನಕ್ಷೆ ಹೀಗಿದೆ ಎಂದುಕೊಳ್ಳಿ: ಸರಾಸರಿ ಗೆರೆಯ ಮೇಲೆ ಕೆಳಗೆ ಚುಕ್ಕೆಗಳು ಚೆದುರಿವೆ. ಒಂದು ವಾರದಿಂದ ಎಲ್ಲ ಚುಕ್ಕೆಗಳೂ ಗೆರೆಯ ಕೆಳಗೇ ಬೀಳುತ್ತಿವೆ. ಯಾವುದೂ ಮಿತಿ ದಾಟಿಲ್ಲ, ಕಿಟ್‌ನ ಕಂಟ್ರೋಲ್‌ಗಳೆಲ್ಲ ಪಾಸು, ಯಾವ ರೋಗಿಯ ವರದಿಯಲ್ಲೂ ಅನುಮಾನ ಬಂದಿಲ್ಲ. ಆದರೂ ಆ ಸಾಲು ಏನನ್ನೋ ಹೇಳುತ್ತಿದೆ. ಇನ್‌ಕ್ಯುಬೇಟರ್ ತಣ್ಣಗಾಗಿರಬಹುದು. ಪೈಪೆಟ್ ಕಡಿಮೆ ಎಳೆಯುತ್ತಿರಬಹುದು. ಹೊಸ ಲಾಟ್ ಸೊರಗಿದ್ದಿರಬಹುದು. ನಕ್ಷೆ ಇಟ್ಟವರು ಇವತ್ತೇ ಹುಡುಕುತ್ತಾರೆ. ಇಡದವರಿಗೆ ಅದು ಗೊತ್ತಾಗುವುದು ಹೊಸದಾಗಿ ಸೋಂಕು ತಗುಲಿದ ರಕ್ತದಾನಿಯ ಚೀಲ ಇನ್ನೊಬ್ಬರ ಮೈಗೆ ಹರಿದ ಮೇಲೆ.

ಹೊರಗಿನಿಂದ ಬರುವ ಗುಣಮಟ್ಟ ಪರೀಕ್ಷೆಯ ಬಗ್ಗೆ ಒಂದು ಮಾತು. ಮೇಲಿನ ಲ್ಯಾಬ್ ನಿಗದಿತ ಕಾಲಕ್ಕೆ ಪ್ಯಾನೆಲ್ ಕಳಿಸುತ್ತದೆ. ಐಸಿಟಿಸಿಗಳು ಮೂರು ತಿಂಗಳಿಗೊಮ್ಮೆ ಕೆಲವು ಪಾಸಿಟಿವ್, ಕೆಲವು ನೆಗೆಟಿವ್ ಮಾದರಿಗಳನ್ನು ಮರುಪರೀಕ್ಷೆಗೆ ಮೇಲಕ್ಕೆ ಕಳಿಸುತ್ತವೆ. ಒಳ್ಳೆಯ ವ್ಯವಸ್ಥೆ. ಆದರೆ ಪ್ಯಾನೆಲ್ ಬಂದ ದಿನ ಅನುಭವಿ ಟೆಕ್ನಿಷಿಯನ್ನರೇ ಕುಳಿತು, ಎರಡೆರಡು ಸಲ ಮಾಡಿ, ಪಕ್ಕದ ಲ್ಯಾಬಿಗೆ ಫೋನ್ ಮಾಡಿ ಉತ್ತರ ತಾಳೆ ನೋಡಿ ಕಳಿಸಿದರೆ, ಆ ಅಂಕಪಟ್ಟಿ ಯಾರ ಬಗ್ಗೆ? ನಾಳೆ ಸಾಲಿನಲ್ಲಿ ನಿಲ್ಲುವ ಬಸುರಿಯ ರಕ್ತವನ್ನು ಪರೀಕ್ಷಿಸುವುದು ಬೇರೆಯವರು, ಬೇರೆ ಆತುರದಲ್ಲಿ. ಲ್ಯಾಬ್ ಟೆಕ್ನಾಲಜಿ ಓದುತ್ತಿರುವ ವಿದ್ಯಾರ್ಥಿಗಳೇ, ಪ್ಯಾನೆಲ್ಲನ್ನು ಆ ದಿನದ ಮಾಮೂಲಿ ಮಾದರಿಗಳ ನಡುವೆಯೇ ಇಡಿ, ಆ ದಿನ ಯಾರ ಪಾಳಿಯೋ ಅವರೇ ಮಾಡಲಿ. ತಪ್ಪು ಬಂದರೆ ಯಾರೂ ಗದರದಿರುವಂತೆ ನೋಡಿಕೊಳ್ಳುವುದು ಮೇಲಿನವರ ಹೊಣೆ. ಗದರಿಕೆ ಇದ್ದಲ್ಲಿ ತಪ್ಪುಗಳು ಅಡಗಿಕೊಳ್ಳುತ್ತವೆ.

ಕೊನೆಗೆ ಸೀರಮ್ ಕೊಡುವವರ ಬಗ್ಗೆ. ಎಚ್‌ಐವಿಯೊಂದಿಗೆ ಬಾಳುತ್ತಿರುವವರು ಇದಕ್ಕಾಗಿ ಕೊಡುವ ರಕ್ತದಿಂದ ಅವರಿಗೆ ಯಾವ ಪ್ರಯೋಜನವೂ ಇಲ್ಲ. ಅವರ ರೋಗ ಆಗಲೇ ಗೊತ್ತಾಗಿದೆ. ತಮಗೆ ಗೊತ್ತಿಲ್ಲದ ಯಾರದೋ ವರದಿ ಸರಿಯಾಗಲಿ ಎಂದು ಅವರು ಕೈ ಚಾಚುತ್ತಾರೆ. 2017ರಲ್ಲಿ ಸಂಸತ್ತು ಒಪ್ಪಿ, 2018ರ ಸೆಪ್ಟೆಂಬರ್‌ನಿಂದ ಜಾರಿಯಾದ ಎಚ್‌ಐವಿ ಕಾಯ್ದೆ ತಿಳಿವಳಿಕೆಯ ಒಪ್ಪಿಗೆಯನ್ನೂ ಗೌಪ್ಯತೆಯನ್ನೂ ಕಡ್ಡಾಯ ಮಾಡಿದೆ. ರೋಗ ಪತ್ತೆಗೆಂದು ಕೊಟ್ಟ ರಕ್ತದಲ್ಲಿ ಮಿಕ್ಕದ್ದನ್ನು ಪ್ಯಾನೆಲ್‌ಗೆ ಬಳಸುವುದಾದರೆ ಅದನ್ನು ಅವರ ಭಾಷೆಯಲ್ಲಿ, ಅವರು ಬೇಡವೆನ್ನಲು ಅವಕಾಶ ಇರುವಂತೆ, ಕೂತು ಕೇಳಬೇಕು. ಕೇಳಿದರೆ ಕೊಡುವವರಿದ್ದಾರೆ.

ಮತ್ತು ಈಗಲೇ ಕೇಳಬೇಕು. 2017ರಿಂದ ನಮ್ಮಲ್ಲಿ ಸೋಂಕು ಗೊತ್ತಾದ ಎಲ್ಲರಿಗೂ ತಡವಿಲ್ಲದೆ ವೈರಸ್ಸನ್ನು ತಡೆಯುವ ಎಆರ್‌ಟಿ ಔಷಧ ಶುರುಮಾಡುತ್ತಾರೆ. ಅದು ಆಗಬೇಕಾದ್ದೇ. ಆದರೆ ಸೋಂಕಿನ ಮೊದಲ ವಾರಗಳಲ್ಲೇ ಔಷಧ ಹಿಡಿದವರಲ್ಲಿ ಪ್ರತಿಕಾಯ ಪೂರ್ತಿ ಬಲಿಯುವುದಿಲ್ಲ. ಕೆಲವರಲ್ಲಿ ರಾಪಿಡ್ ಕಿಟ್‌ನ ಗೆರೆ ಮಸುಕಾಗುತ್ತದೆ ಅಥವಾ ಮೂಡುವುದೇ ಇಲ್ಲ. ಅಂಥವರು ಊರು ಬದಲಿಸಿ ಹೊಸ ಆಸ್ಪತ್ರೆಯಲ್ಲಿ ಪರೀಕ್ಷೆ ಮಾಡಿಸಿದರೆ ‘ನಿಮಗೆ ಏನೂ ಇಲ್ಲ’ ಎಂಬ ವರದಿ ಸಿಗಬಹುದು, ಅವರು ಔಷಧ ಬಿಡಬಹುದು. ಮುಂದಿನ ಪ್ಯಾನೆಲ್‌ಗಳಲ್ಲಿ ಇವರ ಸೀರಮ್ಮಿಗೂ ಜಾಗ ಬೇಕು. ಎಆರ್‌ಟಿ ಕೇಂದ್ರಕ್ಕೆ ಬರುವ ಹೊಸಬರಲ್ಲಿ ಒಪ್ಪಿದವರಿಂದ ಔಷಧದ ಮೊದಲೊಮ್ಮೆ, ಆಮೇಲೆ ಆರಾರು ತಿಂಗಳಿಗೊಮ್ಮೆ ಮಾದರಿ ತೆಗೆದಿಟ್ಟರೆ ಕೆಲವು ವರ್ಷಗಳಲ್ಲಿ ನಮ್ಮದೇ ‘ಸಿ’ ಉಪಪ್ರಕಾರದ ಸಾಲು ಕೈಗೆ ಬರುತ್ತದೆ. ಇರುವ ಸೀರಮ್ ಮುಗಿಯುವ ಮೊದಲೇ ಹೊಸ ಕಂತು ತಯಾರಾಗಬೇಕು, ಹಳೆಯದರ ಜೊತೆಗೇ ಅದನ್ನು ಓಡಿಸಿ ಅಂಕಿ ಕಟ್ಟಬೇಕು. ಹಳೆಯದು ಖಾಲಿಯಾದ ಮೇಲೆ ಹೊಸದನ್ನು ಯಾವುದಕ್ಕೂ ಹೋಲಿಸಲಾಗುವುದಿಲ್ಲ. ಇದಕ್ಕೆ ಬೇಕಾದದ್ದು ಒಂದು ಒಳ್ಳೆಯ ಫ್ರೀಜರ್, ಎಡೆಬಿಡದ ಕರೆಂಟ್, ಬರೆದಿಡುವ ಶಿಸ್ತಿನ ಇಬ್ಬರು ಟೆಕ್ನಿಷಿಯನ್‌ಗಳು ಮತ್ತು ಅವರ ಕೆಲಸ ಖಾಯಂ ಆಗಿರುವುದು. ಇಲ್ಲಿ ಕುಳಿತಿರುವ ಆರೋಗ್ಯ ಇಲಾಖೆಯ ಅಧಿಕಾರಿಗಳಲ್ಲಿ ನನ್ನ ಕೋರಿಕೆ ಇದೇ: ಬರುವ ಬಜೆಟ್ಟಿನಲ್ಲಿ ಇಷ್ಟಕ್ಕೆ ಒಂದು ಸಾಲು ಬರೆಯಿರಿ.